ಮೇಡಂ ಅವರ ತಪ್ಪು ಹಿಡಿದು ಎದ್ದು ನಿಂತೆ

ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಹೋದ ತಿಂಗಳು ಸಾರಕ್ಕಿಯ ನಮ್ಮ ಮನೆಯಲ್ಲೇ ನಿಂತು ಆರು ದೇಶಗಳಿಗೆ ಅಪ್ಪನ ಲುಂಗಿ ತೋರಿಸಿದವನು ನಾನು.

ಅದು ಆನ್‌ಲೈನ್ ಗಣಿತ ಕೋರ್ಸಿನ ಕೊನೆಯ ಕ್ಲಾಸು. ಒಮ್ಮೆಯೂ ಬಾಯಿ ಬಿಡದವರಿಗೆ ಸರ್ಟಿಫಿಕೇಟ್ ಇಲ್ಲ ಎಂದು ಜರ್ಮನಿಯ ಮೇಡಂ ಮೊದಲೇ ಹೇಳಿದ್ದರು. ಬ್ರೆಜಿಲ್‌ನ ಮರೀಯಾ ಉಸಿರಾಡುವುದಕ್ಕಿಂತ ಹೆಚ್ಚು ಸಲ ಪ್ರಶ್ನೆ ಕೇಳುವವಳು. ನಾನೋ, ಎರಡು ತಿಂಗಳಿಂದ ‘ಯೆಸ್ ಮೇಡಂ’ ಎಂದು ಟೈಪ್ ಮಾಡಿಯೇ ಬೆರಳು ಸವೆಸಿದ್ದೆ. ಅವತ್ತು ಮೇಡಂ ಒಂದು ಲೆಕ್ಕದಲ್ಲಿ ಮೈನಸ್ ಬಿಟ್ಟುಬಿಟ್ಟರು. ಟೀಚರಿಗೆ ತಪ್ಪು ಅನ್ನುವುದು ಹೇಗೆ? ಮರೀಯಾಗೆ ಮಾತ್ರ ಗುಟ್ಟಾಗಿ ಮೆಸೇಜ್ ಹಾಕಿದೆ. ಅವಳು ತಕ್ಷಣ ಮೈಕ್ ಆನ್ ಮಾಡಿ, “ಮೇಡಂ, ಚೇತನ್ ನಿಮ್ಮ ತಪ್ಪು ಹಿಡಿದಿದ್ದಾನೆ. ಅವನೇ ಹೇಳಲಿ,” ಎಂದುಬಿಟ್ಟಳು!

ಮೇಡಂ ನನ್ನ ಹೆಸರು ಕರೆದದ್ದೇ ತಡ, ಮೈಕ್, ಕ್ಯಾಮೆರಾ ಎರಡೂ ಆನ್ ಮಾಡಿ, ಶಾಲೆಯ ಅಭ್ಯಾಸದಂತೆ ಸಟಕ್ಕನೆ ಎದ್ದು ನಿಂತೆ. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಅಪ್ಪನ ಚೌಕಳಿ ಲುಂಗಿ. ಎಲ್ಲರ ನಗುವಿಗೆ ಸ್ಕ್ರೀನ್ ಒಡೆಯುವುದೊಂದು ಬಾಕಿ. ಕಣ್ಣು ಮುಚ್ಚಿ ಕಿರುಚಿದೆ: “ಮೇಡಂ, ಯು ಆರ್ ರಾಂಗ್!”

ಮೇಡಂ ಲೆಕ್ಕ ನೋಡಿ ಥ್ಯಾಂಕ್ಸ್ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸೌಟು ಹಿಡಿದು ಅಮ್ಮ ಒಳಗೆ ಬಂದಳು. “ಏನೋ, ಟೀಚರ್‌ಗೇ ರಾಂಗ್ ಅಂತೀಯಾ? ಇದೇನಾ ನಾನ್ ಕಲ್ಸಿದ್ದು? ಮೊದ್ಲು ಸಾರಿ ಕೇಳು!” ಕೇಳುವುದು ಯಾರನ್ನು? ಲ್ಯಾಪ್‌ಟಾಪ್ ಆಗಲೇ ಮುಚ್ಚಿ ಅವಳ ಕಂಕುಳು ಸೇರಿತ್ತು.

ಸರ್ಟಿಫಿಕೇಟ್ ಬಂತು. ಮರೀಯಾ ಮನಸ್ಸು ಮಾಡಿದ್ದರೆ ಆ ತಪ್ಪನ್ನು ತಾನೇ ಕಂಡುಹಿಡಿದೆ ಎನ್ನಬಹುದಿತ್ತು. ಅನ್ನಲಿಲ್ಲ.