ಕಾಲು ಬಾರದ ಲೆನ್ಸು

ಮೊಮ್ಮಗಳು ಹೊಸ ಕ್ಯಾಮೆರಾ ಕೊಂಡಿದ್ದಾಳೆ. ಅದರ ಜೊತೆಗೊಂದು ಉಂಗುರವೂ ಬಂದಿದೆ. ಅದನ್ನು ನಡುವೆ ಸಿಕ್ಕಿಸಿದರೆ ನಮ್ಮ ಕಾಲದ ಲೆನ್ಸುಗಳೂ ಹಿಡಿಸುತ್ತವಂತೆ. "ಅಜ್ಜಾ, ನಿಮ್ಮ ಓಲ್ಡ್ ಲೆನ್ಸ್ ಎಲ್ಲುಂಟು? ಟ್ರೈ ಮಾಡ್ಬೇಕು" ಎಂದಳು. ಇಷ್ಟು ಕನ್ನಡ ಅವಳ ಬಾಯಲ್ಲಿ ಬರುವುದೇ ಏನಾದರೂ ಬೇಕಾದಾಗ. ಕೊಲ್ಲಿ ನಾಡಿನ ಸನದ್‌ನಲ್ಲಿರುವ ನಮ್ಮ ಮನೆಯ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಕರ್ಪೂರದ ವಾಸನೆ ಗಪ್ಪೆಂದು ಬಂತು. ಲೆನ್ಸು ಅಲ್ಲೇ ಇತ್ತು, ನನ್ನದೊಂದು ಹಳೆಯ ಕಾಲುಚೀಲದೊಳಗೆ ಬೆಚ್ಚಗೆ ಕೂತಿತ್ತು.

ಎಂಬತ್ತೈದು ಮಿಲಿಮೀಟರಿನದು. ಈ ಲೆಕ್ಕ ನಿಮಗೆ ಬೇಡವೆಂದರೆ ಹೀಗೆ ತಿಳಿಯಿರಿ: ಎದುರು ಕೂತವರ ಮುಖ ಮತ್ತು ಹೆಗಲನ್ನು ಹಿಡಿದು, ಉಳಿದದ್ದನ್ನೆಲ್ಲ ಬಿಟ್ಟುಬಿಡುವ ಲೆನ್ಸು. ಗಾತ್ರ ಚಹಾದ ಲೋಟದಷ್ಟು. ಮನಾಮಾದ ಸೂಕ್ ಪೇಟೆಯಲ್ಲಿ ಅಂಗಡಿಯವನು ಒನಕೆಯಷ್ಟುದ್ದದ ಜೂಮ್ ಲೆನ್ಸ್ ಎತ್ತಿ ತೋರಿಸಿ, "ಯೇ ಲೇ ಲೋ ಸಾಬ್, ಚಾಂದ್ ಭೀ ದಿಖೇಗಾ" ಎಂದಿದ್ದ. ನನಗೆ ಚಂದ್ರ ಬೇಕಿರಲಿಲ್ಲ. ಈ ಪುಟ್ಟದನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ಬಂದೆ. ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ನಾನು ಬದುಕಿನಲ್ಲಿ ಅನೇಕ ವಸ್ತುಗಳನ್ನು ಕೊಂಡು ಪೇಚಾಡಿದ್ದೇನೆ. ಈ ಒಂದರ ವಿಷಯದಲ್ಲಿ ಮಾತ್ರ ಅಂದಿಗೂ ಇಂದಿಗೂ ಯಾರ ಮಾತಿಗೂ ಜಗ್ಗುವವನಲ್ಲ.

ಜಗ್ಗಿಸಲು ನೋಡಿದವರು ಕಡಿಮೆಯಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕರಾವಳಿಯವರಿಗೆ ಫೋಟೊ ಎಂದರೆ ಊರಿಗೆ ಕಳಿಸುವ ಸಾಮಾನು. ಶುಕ್ರವಾರ ರಜೆ. ಊಟ ಮುಗಿದದ್ದೇ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಹೊರಡುವುದು, ಯಾರದೋ ಕಾರಿಗೆ ಒರಗಿ ಕಪ್ಪು ಕನ್ನಡಕ ಏರಿಸಿ ನಿಲ್ಲುವುದು. ಕಾರು ಇಡಿಯಾಗಿ ಬರಬೇಕು, ಹಿಂದಿನ ಕಟ್ಟಡದ ತುದಿ ಬರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕಾಲಿನ ಶೂ ಬರಬೇಕು. ಕಾಲು ತುಂಡಾದ ಫೋಟೊ ಕಂಡರೆ ಊರಿನ ಹೆಂಗಸರು ದೇವರಿಗೆ ಹರಕೆ ಹೊತ್ತಾರು ಎಂಬ ಹೆದರಿಕೆ. ಇಷ್ಟನ್ನೆಲ್ಲ ಹಿಡಿಸುವಷ್ಟರಲ್ಲಿ ಮನುಷ್ಯನ ಮುಖ ಕಡಲೆಬೇಳೆಯಷ್ಟಾಗಿರುತ್ತಿತ್ತು. ಅದರ ಚಿಂತೆ ಯಾರಿಗೂ ಇರಲಿಲ್ಲ.

"ಮಾರಾಯ್ರೆ, ನಿಮ್ಮ ಲೆನ್ಸಲ್ಲಿ ಕಾಲೇ ಬರುದಿಲ್ವಲ್ಲ. ಇದೆಂತ ಕರ್ಮ?" ಎಂದು ಗೆಳೆಯ ವಿಠಲ ಕೇಳುತ್ತಿದ್ದ. ಎಸಿ ರಿಪೇರಿ ಮಾಡುತ್ತಿದ್ದ, ಕೆಂಪು ಕಾರಿನ ಮುಂದೆ ನಿಲ್ಲುವುದರಲ್ಲಿ ಎತ್ತಿದ ಕೈ. ಹೆಂಡತಿ ಲಲಿತಾಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ಆಕೆ ಆಸ್ಪತ್ರೆಯಲ್ಲಿ ನರ್ಸು. ಇಬ್ಬರ ಬಿಡಾರ ಸಲ್ಮಾನಿಯಾದಲ್ಲಿ. ಇಬ್ಬರಿಗೂ ಪಾಳಿ ಕೆಲಸವಾದ್ದರಿಂದ ಇನ್ನೂ ತೆವಳುತ್ತಿದ್ದ ಮಗಳು ಶೈಲಾಳನ್ನು ಕಟಪಾಡಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ಅಷ್ಟರಲ್ಲಿ ಅದು ಮಾತಾಡುವ ಮಗುವಾಗಿತ್ತು.

ಆ ಕಾಲದಲ್ಲಿ ಊರಿನ ದನಿ ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ರಜೆ ಮುಗಿಸಿ ಬಂದವರು ಉಪ್ಪಿನಕಾಯಿಯ ಜೊತೆಗೆ ಅದನ್ನೂ ತಂದು ಕೊಡುತ್ತಿದ್ದರು. ಒಬ್ಬರ ಮನೆಗೆ ಬಂದರೆ ನಾಲ್ಕು ಮನೆಯವರು ಕೂತು ಕೇಳುವುದು ಪದ್ಧತಿ. ಒಂದು ಶುಕ್ರವಾರ ವಿಠಲನ ಮನೆಯಲ್ಲಿ ಟೇಪ್ ಹಾಕಿದರು. ಮಳೆ, ಕೋಳಿ, ನೆರೆಮನೆಯ ಮದುವೆಯ ಸುದ್ದಿ ಎಲ್ಲ ಆದ ಮೇಲೆ ಅಜ್ಜಿಯ ದನಿ ಬಂತು.

"ಈ ಫೋಟೊದಲ್ಲಿ ಅಮ್ಮ ಎಲ್ಲುಂಟು ಶೈಲೂ? ತೋರ್ಸು ಮಗಾ."

ಬೆರಳು ಕುಟ್ಟಿದ ಸದ್ದು. "ಇದು ಅಮ್ಮ."

"ಅದು ಕಾರಲ್ವಾ ಮಗಾ?"

"ಅಲ್ಲ. ಅಮ್ಮ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ವಿಠಲನಂತೂ ಕಣ್ಣೊರೆಸಿಕೊಂಡು ನಕ್ಕ. ಲಲಿತಾ ನಗಲಿಲ್ಲ. ಎದ್ದು ಹೋಗಿ ಟೇಪನ್ನು ಹಿಂದಕ್ಕೆ ತಿರುಗಿಸಿ ಅಷ್ಟನ್ನೇ ಮತ್ತೆ ಕೇಳಿದಳು. ಆಗ ನಮ್ಮ ನಗು ತಾನಾಗಿ ನಿಂತಿತು.

"ಬೇಸಗೆಗೆ ಊರಿಗೆ ಹೋಗ್ತೇನೆ" ಎಂದಳು. "ಅವಳು ನನ್ನ ಹತ್ರ ಬಾರದಿದ್ರೆ ನಾನೆಂತ ಮಾಡುದು?"

ಆಕೆ ನನ್ನ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ಆ ಸಣ್ಣ ಲೆನ್ಸಲ್ಲಿ ನನ್ನ ಮುಖ ಮಾತ್ರ ತೆಗೀತೀರಾ?"

ಎಷ್ಟು ದಿನದಿಂದ ಈ ಮಾತಿಗಾಗಿ ಕಾದಿದ್ದೆನೋ. ಆದರೆ ಬಂದಾಗ ಹೆಮ್ಮೆಪಡುವ ಮನಸ್ಸಾಗಲಿಲ್ಲ.

ಮುಂದಿನ ಶುಕ್ರವಾರ ಹೋದೆ. "ಮುಖ ಮಾತ್ರ ಅಂದ್ರೆ ವೀಸಾ ಫೋಟೊ ಆಯ್ತಲ್ಲ" ಎಂದು ವಿಠಲ ಗೊಣಗಿದ. "ಖಲ್ಲಿವಲ್ಲಿ, ಹೋಗ್ಲಿ ಬಿಡಿ. ಹಿಂದೆ ಆ ಹೊಸ ಫ್ರಿಜ್ಜಾದ್ರೂ ಬರ್ಲಿ." ಬಟ್ಟೆ ತಂದು ಫ್ರಿಜ್ಜನ್ನು ತಿಕ್ಕಿ ತಿಕ್ಕಿ ಒರೆಸಿದ. ಲಲಿತಾಳನ್ನು ಕಿಟಕಿಯ ಬೆಳಕಿಗೆ ಕೂರಿಸಿದೆ. ಈ ಲೆನ್ಸಿಗೆ ಒಂದಿಷ್ಟು ಜಾಗ ಬೇಕು. ಕೋಣೆಯೋ ಬೆಂಕಿಪೆಟ್ಟಿಗೆ. ಹಿಂದೆ ಸರಿದು ಸರಿದು ಅಡುಗೆಮನೆಯೊಳಗೆ ಹೋಗಿ ಗ್ಯಾಸ್ ಸಿಲಿಂಡರಿಗೆ ಬೆನ್ನು ತಾಗಿಸಿ ನಿಂತೆ. ಈ ಅಂತರದಲ್ಲೇ ಲೆನ್ಸಿನ ದೊಡ್ಡ ಗುಣ ಇರುವುದು. ಮೂಗಿನ ಹತ್ತಿರ ಕ್ಯಾಮೆರಾ ಹಿಡಿದರೆ ಮೂಗು ಉಬ್ಬುತ್ತದೆ, ಮನುಷ್ಯರು ಬೆದರುತ್ತಾರೆ. ತೀರಾ ದೂರ ಹೋದರೆ ಅವರೊಡನೆ ಮಾತು ಕಡಿಯುತ್ತದೆ. ಇದು ಮಾತು ಕೇಳುವಷ್ಟು ದೂರ, ಎದುರಿನವರು ಮರೆತುಬಿಡುವಷ್ಟು ಸಣ್ಣದು.

ಆದರೂ ಲಲಿತಾ ನೆಟ್ಟಗೆ ಬಿಗಿದುಕೊಂಡು ಕೂತಿದ್ದಳು. ಕಾರಿನ ಮುಂದೆ ನಿಂತು ರೂಢಿಯಾದ ಮುಖ. ನಾನು ವಿಠಲನಿಗೆ ಟೇಪ್ ಹಾಕಲು ಹೇಳಿದೆ. ಮಗು "ಇದು ಅಮ್ಮ" ಎಂದಿತು. ಲಲಿತಾಳ ತುಟಿ ಸಡಿಲವಾಯಿತು, ಕಣ್ಣು ತುಂಬಿತು, ಅದರ ಮೇಲೆಯೇ ಒಂದು ನಗು ಬಂತು. ಕಣ್ಣಿಗೆ ಫೋಕಸ್ ಇಟ್ಟು ಒತ್ತಿದೆ.

ವಿಠಲ ಪ್ರಿಂಟನ್ನು ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದ. ಆಮೇಲೆ ಕೇಳಿದ: "ಫ್ರಿಜ್ ಎಲ್ಲುಂಟು?"

"ಅಲ್ಲೇ ಉಂಟು. ಬಿಳಿ ಮಂಜಿನ ಹಾಗೆ ಕಾಣ್ತದಲ್ಲ, ಅದೇ."

ದೊಡ್ಡದು ಮಾಡಿಸಿದ ಆ ಫೋಟೊ ಯಾರದೋ ಸೂಟ್‌ಕೇಸಿನಲ್ಲಿ ಕಟಪಾಡಿಗೆ ಹೋಯಿತು. ಅಜ್ಜಿ ಅದನ್ನು ದೇವರ ಪಟಗಳ ಸಾಲಿನಲ್ಲಿ ಹಾಕದೆ, ಮಗುವಿನ ಎತ್ತರಕ್ಕೆ ಮೊಳೆ ಹೊಡೆಸಿ ತೂಗುಹಾಕಿದರಂತೆ. ಬೇಸಗೆಯಲ್ಲಿ ಗಂಡ ಹೆಂಡತಿ ಊರಿಗೆ ಹೋದರು. ನಾನು ಬ್ಯಾಂಕಿನಲ್ಲಿ ಕೂತು, ಪರೀಕ್ಷೆ ಬರೆದ ಹುಡುಗನ ಹಾಗೆ ಫಲಿತಾಂಶಕ್ಕೆ ಕಾದೆ.

ಮರಳಿ ಬಂದ ವಿಠಲ ನೇರ ನನ್ನ ಕೋಣೆಗೇ ಬಂದ.

"ಟ್ಯಾಕ್ಸಿ ನಿಂತದ್ದೇ ಶೈಲು ಅಜ್ಜಿ ಸೆರಗಿನ ಹಿಂದೆ ಅಡಗಿದ್ಲು ಮಾರಾಯ್ರೆ. ಇಣುಕಿ ಇವಳ ಮುಖ ನೋಡಿದ್ಲು, ನೋಡಿ ಒಳಗೆ ಓಡಿದ್ಲು. ಲಲಿತಾ ಅಂಗಳದಲ್ಲೇ ನಿಂತುಬಿಟ್ಟಳು. ಒಳಗೆ ಫೋಟೊ ನೋಡಿ ಬಂದದ್ದಂತೆ ಅದು. ವಾಪಸ್ ಬಂದು ಇವಳನ್ನ ಮೇಲಿಂದ ಕೆಳಗೆ ನೋಡಿ ಹೇಳ್ತದೆ, 'ಅಜ್ಜೀ, ಅಮ್ಮನಿಗೆ ಕಾಲೂ ಉಂಟು.' ಹೇಳಿ, ಆ ಕಾಲನ್ನೇ ಅಪ್ಪಿ ಹಿಡ್ಕೊಂಡ್ತು."

ನಗುತ್ತಲೇ ಹೇಳಲು ಶುರು ಮಾಡಿದವನು ಕೊನೆಗೆ ಬರುವಷ್ಟರಲ್ಲಿ ಅಳುತ್ತಿದ್ದ. ನಾನೂ ಅತ್ತೆ.

"ಅಜ್ಜಾ, ಸಿಟ್ ದೇರ್" ಎಂದಳು ಮೊಮ್ಮಗಳು. ಲೆನ್ಸನ್ನು ಅದಾಗಲೇ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡಿದ್ದಳು. ಕಿಟಕಿಯ ಪಕ್ಕ ಕೂತೆ. ಈ ಲೆನ್ಸಿನ ಹಿಂದೆ ಇಷ್ಟು ವರ್ಷ ನಿಂತವನು, ಮುಂದೆ ಕೂತದ್ದು ಇದೇ ಮೊದಲು. ಬಿಗಿಯಬಾರದೆಂದರೂ ಮೈ ಬಿಗಿಯಿತು. ಅವಳು ಹಿಂದೆ ಹಿಂದೆ ಸರಿದು ಅಡುಗೆಮನೆಯ ಬಾಗಿಲಿನವರೆಗೆ ಹೋದಳು. ಅಲ್ಲಿಂದ ಮುಖ ಓರೆ ಮಾಡಿ, "ಅಜ್ಜಾ, ಯಾಕೆ ನಗ್ತಾ ಇದ್ದೀರಿ?" ಎಂದು ಕೇಳಿದಳು.

ನನ್ನ ಕಾಲಲ್ಲಿ ಹರಕು ಹವಾಯಿ ಚಪ್ಪಲಿಯಿತ್ತು. ಬದಲಿಸಲು ನಾನು ಏಳಲಿಲ್ಲ.