ಹಳೇ ಟೂಲಿನ ಕೊನೆಯ ಮಾತು

ಬೆಳಕು ಹರಿಯುವ ಮುನ್ನ ದೊಡ್ಡ ಸೊಸೆ ಮುಗಿಸಬೇಕಾದ ಕೆಲಸಗಳು: ಹಾಲು ಕಾಯಿಸುವುದು, ಮಾವನ ಮಾತ್ರೆಗಳನ್ನು ಬಿಡಿಸಿ ಬಟ್ಟಲಿಗೆ ಹಾಕುವುದು, ಗಂಡನ ಅಂಗಿಗೆ ಇಸ್ತ್ರಿ, ಮಗಳ ಡಬ್ಬಿ, ಮಷೀನಿನಲ್ಲಿ ಮುದ್ದೆಯಾಗಿ ಬಿದ್ದ ಬಟ್ಟೆ ಹರವುವುದು, ವಾರಗಿತ್ತಿಯ ಕೋಣೆಯ ಹೊರಗೆ ಟೀ ತುಂಬಿದ ಫ್ಲಾಸ್ಕ್ ಇಡುವುದು. ಇಷ್ಟರ ನಡುವೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಕಂಡರಿಯದ ಜನ ಕಳಿಸಿದ ದೂರುಗಳಿಗೆ ಉತ್ತರ ಬರೆಯುವುದು.

ದೂರುಗಳು ಅವಳ ಟೂಲಿನ ಬಗ್ಗೆ. ಯಾರು ಬೇಕಾದರೂ ಪುಕ್ಕಟೆ ಬಳಸಿ, ಯಾರು ಬೇಕಾದರೂ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಅದರೊಳಗೆ, ಕಂಪ್ಯೂಟರಿಗೆ ನೆಟ್‌ವರ್ಕ್ ಏಕೆ ಸಿಗುತ್ತಿಲ್ಲ ಎಂದು ಹೇಳುವ ಪುಟ್ಟ ಟೂಲ್ ಅದು. ಬರೆದವರು ಕೈಬಿಟ್ಟಿದ್ದರು. ಮಗಳು ಹೊಟ್ಟೆಯಲ್ಲಿದ್ದಾಗ ಅವಳು ಕೈಗೆತ್ತಿಕೊಂಡಳು. ಅಂದಿನಿಂದ ಅದರ ದೋಷ ತಿದ್ದುತ್ತ ನೋಡಿಕೊಳ್ಳುವ ಪಾಲಕಿ ಅವಳೇ. ಸಂಬಳವಿಲ್ಲ. ಮನೆಯವರ ಬಾಯಲ್ಲಿ ಅದು ‘ಅವಳ ಟೈಂಪಾಸ್’.

ವಾರಗಿತ್ತಿ ಅದೇ ಸಿಸ್ಟಮ್ಮಿಗೆ ಕೋಡ್ ಬರೆದರೆ ಮಾತ್ರ ಅದು ಕೆಲಸ. ಅವಳಿಗೆ ಕಂಪನಿಯ ಸಂಬಳವಿದೆ, ಕೋಣೆಯಿದೆ, ಕೋಣೆಗೆ ಬಾಗಿಲಿದೆ. ಆ ಬಾಗಿಲು ಮುಚ್ಚಿದ್ದರೆ ಅತ್ತೆ ಕೆಮ್ಮನ್ನೂ ತಡೆದುಕೊಳ್ಳುತ್ತಾರೆ. ದೊಡ್ಡ ಸೊಸೆ ಲ್ಯಾಪ್‌ಟಾಪ್ ಮುಟ್ಟಿದ ಕೂಡಲೇ ಅವರ ಕನ್ನಡಕ ಕಾಣೆಯಾಗುತ್ತದೆ. ಅವಳ ಹೊಟ್ಟೆಗೆ ಕಿಚ್ಚು ಬಿದ್ದದ್ದು ಸಂಬಳ ಕಂಡಲ್ಲ, ಆ ಬಾಗಿಲು ಕಂಡು. ಅದೂ ಸಾಲದೆಂಬಂತೆ, ಮದುವೆಯಾಗಿ ಬಂದ ಹೊಸತರಲ್ಲಿ ವಾರಗಿತ್ತಿಯನ್ನು ಇದೇ ಮೇಜಿನ ಮುಂದೆ ಕೂರಿಸಿ ಈ ಕೆಲಸದ ರುಚಿ ಹತ್ತಿಸಿದವಳು ತಾನೇ.

ಈಗ ವಾರಗಿತ್ತಿ ಅದೇ ಕೆಲಸಕ್ಕೆ ಹೊಸ ಟೂಲ್ ಬರೆದಿದ್ದಾಳೆ. ಹಳೆಯದಕ್ಕೆ ಅರ್ಥವಾಗದ ನೆಟ್‌ವರ್ಕುಗಳೆಲ್ಲ ಅದಕ್ಕೆ ಸಲೀಸು. ಸಿಸ್ಟಮ್ಮಿನ ಮುಂದಿನ ಆವೃತ್ತಿಯಲ್ಲಿ ಹಳೆಯದು ಬೇಡವೆಂದು ಅದನ್ನು ನಡೆಸುವ ತಂಡವೆಲ್ಲ ಒಪ್ಪಿಯಾಗಿದೆ. ದೊಡ್ಡ ಸೊಸೆ ಹೊಸದರಲ್ಲಿ ಹುಳುಕು ಹುಡುಕಿ ಹುಡುಕಿ ಸೋತಿದ್ದಳು. ಒಂದೇ ಒಂದು ಸಿಕ್ಕಿದ್ದರೂ ಎಷ್ಟು ಹಗುರಾಗುತ್ತಿತ್ತು!

ಆದರೆ ಆ ತಂಡದಲ್ಲಿ ಒಂದು ಪದ್ಧತಿ. ಟೂಲನ್ನು ಅಳಿಸುವುದು ಅದರ ಪಾಲಕರೇ. ಬೇರೆಯವರು ಕೈ ಹಾಕುವಂತಿಲ್ಲ. ಅದಕ್ಕೇ ನಿನ್ನೆ ಸಂಜೆ ವಾರಗಿತ್ತಿ ಅಡುಗೆಮನೆಗೆ ಬಂದಳು.

“ಅಕ್ಕಾ, ಕೋಪ ಇಲ್ಲ ತಾನೇ?”

“ಕೋಪ ಯಾಕೆ? ಈರುಳ್ಳಿ ಹೆಚ್ತಾ ಇದೀನಿ, ಅದಕ್ಕೆ ಕಣ್ಣಲ್ಲಿ ನೀರು.”

“ಒಂದು ಸಣ್ಣ ಸಹಾಯ. ನಿಮ್ಮ ಟೂಲಿನ ಹೆಸರು ಹಾಗೇ ಇರ್ಲಿ, ಜನಕ್ಕೆ ಅದೇ ರೂಢಿ. ಹಳೇ ಹೆಸರು ಟೈಪ್ ಮಾಡಿದ್ರೂ ಒಳಗೊಳಗೇ ನಂದು ಓಡೋ ಹಾಗೆ ನಾಲ್ಕು ಸಾಲು ಬರೆದ್ಬಿಡಿ. ಯಾರಿಗೂ ಗೊತ್ತೇ ಆಗಲ್ಲ.”

“ಆಮೇಲೆ ಆ ನಾಲ್ಕು ಸಾಲು ನೋಡ್ಕೊಳ್ಳೋರು ಯಾರು?”

“ನೀವೇ, ಇನ್ಯಾರು? ಅಷ್ಟು ತಾಳ್ಮೆ ಇನ್ಯಾರಿಗಿದೆ?”

ಹಜಾರದಿಂದ ಅತ್ತೆಯ ದನಿ ಬಂತು: “ಮಾಡ್ಕೊಡಮ್ಮ. ನಿನಗೇನು, ಮನೇಲೇ ಇರ್ತೀಯ.”

ವಾರಗಿತ್ತಿಯ ಮುಖದಲ್ಲಿ ಕಪಟವಿರಲಿಲ್ಲ. ಅದೇ ಇನ್ನಷ್ಟು ಉರಿಸಿತು. ಅವಳು ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಮಲಗಬಹುದಿತ್ತು.

ಈಗ ಮನೆಯೆಲ್ಲ ನಿದ್ದೆಯಲ್ಲಿದೆ. ಒಲೆಯ ಮೇಲೆ ಹಾಲು. ತಾನು ಅಳಿಸದೆ ಕೂತರೆ ಆವೃತ್ತಿಯೇ ತಡವಾಗುತ್ತದೆ, ವಾರಗಿತ್ತಿ ತಂಡದೆದುರು ತಲೆ ತಗ್ಗಿಸಬೇಕಾಗುತ್ತದೆ. ಆ ಯೋಚನೆಯನ್ನು ದೊಡ್ಡ ಸೊಸೆ ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದಳು. ಆಮೇಲೆ ಕೇಳಿದ್ದ ನಾಲ್ಕು ಸಾಲು ಬರೆದು, ಹಳೇ ಹೆಸರು ಟೈಪ್ ಮಾಡಿ ನೋಡಿದಳು. ಓಡಿತು. ಪರದೆಯ ತುಂಬ ವಾರಗಿತ್ತಿಯ ಜಾಣತನ, ಮೇಲೆ ತನ್ನ ಟೂಲಿನ ಹೆಸರು. ಇನ್ನು ಮೇಲೆ ದೂರು ಬಂದರೆ ತನಗೆ, ಹೊಗಳಿಕೆ ಬಂದರೆ ಬಾಗಿಲ ಆಚೆಗೆ.

ನಾಲ್ಕು ಸಾಲನ್ನೂ ಅಳಿಸಿದಳು. ಟೂಲನ್ನೂ ಪೂರ್ತಿ ಅಳಿಸಿದಳು. ಹಳೇ ಹೆಸರಿನಿಂದ ಕರೆದವರಿಗೆ ಕಾಣುವಂತೆ, ಯಾರ ಆರೈಕೆಯೂ ಬೇಡದ ಒಂದು ಸಂದೇಶ ಉಳಿಸಿದಳು: “ಈ ಟೂಲ್ ಇನ್ನಿಲ್ಲ. ಹೊಸದು ಚೆನ್ನಾಗಿದೆ, ಅದನ್ನು ಅದರ ಹೆಸರಿನಿಂದಲೇ ಕರೆಯಿರಿ.” ‘ಚೆನ್ನಾಗಿದೆ’ ಎಂಬಲ್ಲಿ ಬೆರಳು ಬಹಳ ಹೊತ್ತು ತಡವರಿಸಿತು. ಪಾಲಕರ ಜಾಗದಿಂದ ತನ್ನ ಹೆಸರು ತೆಗೆದು, ತಂಡಕ್ಕೆ ಕಳಿಸಿದಳು.

ಹೊಟ್ಟೆಯ ಕಿಚ್ಚು ಆರಿರಲಿಲ್ಲ. ಹಾಲು ಉಕ್ಕಿ ಬಂತು, ಒಲೆ ಆರಿಸಿದಳು. ತೊಳೆದ ಫ್ಲಾಸ್ಕ್ ಸಿಂಕಿನ ಪಕ್ಕ ಬೋರಲಾಗಿತ್ತು. ಅದನ್ನು ಹಾಗೇ ಬಿಟ್ಟು, ತನ್ನೊಬ್ಬಳಿಗೆ ಟೀ ಮಾಡಿಕೊಂಡಳು.