ನಲವತ್ತಡಿ

ಮಾತಿಗೆ ಹುರುಪು ಬಂದರೆ ಅಂಕಲ್ ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದರು. ಸಡಿಲ ಬೂಟಿನಿಂದ ಕಾಲು ಅರ್ಧ ಹೊರಗೆ ಬರುತ್ತಿತ್ತು. ಕಾಲುಚೀಲದ ಹಿಮ್ಮಡಿಯಲ್ಲಿ ತೂತು. ಚೀಲದ ಬಣ್ಣ ಬಿಳಿಯೋ ಬೂದೋ ನೆನಪಿಲ್ಲ, ತೂತು ಮಾತ್ರ ಖಂಡಿತ.

ಶಾಮ್‌ಬರ್ಗ್‌ನ ಕನ್ನಡದವರಿಗೆಲ್ಲ ಅವರು ಅಂಕಲ್. ನನಗೆ ಆಮೇಲೆ ಬಾಸ್ ಕೂಡ ಆದರು. ಡೆಟ್ರಾಯಿಟ್ ಹತ್ತಿರ ಹಾರುವ ಕಾರು ಮಾಡುವ ಸಣ್ಣ ಕಂಪನಿ ಸೇರಿದ್ದರು, ನನ್ನನ್ನೂ ಕರೆದರು.

"ಇನ್ಶೂರೆನ್ಸ್ ಕೋಡ್ ಬರ್ಕೊಂಡೇ ಮುದುಕಿ ಆಗ್ತೀಯಾ? ಬಾಮ್ಮ. ಇನ್ನೆರಡು ವರ್ಷಕ್ಕೆ ಅರೋರಾ ದೇವಸ್ಥಾನಕ್ಕೆ ಮೇಲಿಂದಾನೇ ಇಳಿಯೋಣ. ಪಾರ್ಕಿಂಗ್ ಜಗಳಾನೇ ಇಲ್ಲ."

ಹಳೆಯ ಕಂಪನಿ ಶುರುಮಾಡಿದ್ದ ಗ್ರೀನ್ ಕಾರ್ಡ್ ಅರ್ಜಿ ಬಿಟ್ಟು ಹೋದೆ. ಅವರೇ ಎಳೆದುಕೊಂಡು ಹೋದರು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಸುಳ್ಳು. ಮನೆ ಸಾಮಾನು ತುಂಬಿದ ಬಾಡಿಗೆ ಟ್ರಕ್ಕನ್ನು ಓಡಿಸಿದ್ದು ನಾನೇ.

ಹಾರಾಟದ ಸಾಫ್ಟ್‌ವೇರ್ ನನ್ನ ಕೆಲಸ. ನನ್ನ ಪ್ರತಿ ಸಾಲನ್ನೂ ಅವರು ಗಟ್ಟಿಯಾಗಿ ಓದಿಸಿ ತಿದ್ದುತ್ತಿದ್ದರು. ಹತ್ತೊಂಬತ್ತು ತಿಂಗಳು ಕಾರನ್ನು ಕಂಪ್ಯೂಟರ್ ಪರದೆಯ ಮೇಲೆ ಹಾರಿಸಿದೆ. ನಿಜವಾದದ್ದು ಬೇರೆ ಶೆಡ್ಡಿನಲ್ಲಿತ್ತು. ಕೇಳಿದಾಗಲೆಲ್ಲ ಅಂಕಲ್, "ಮೋಟರ್ ಜೋಡಿಸ್ತಿದಾರೆ."

ಆಯುಧಪೂಜೆಯ ದಿನ ಕೊನೆಗೂ ಆ ಶೆಡ್ಡಿನೊಳಗೆ ಬಿಟ್ಟರು. ಅಂಕಲ್ ಕುಂಕುಮವಿಟ್ಟು, ನಾಲ್ಕು ಗಾಲಿಗಳಡಿ ನಿಂಬೆಹಣ್ಣು ಇಟ್ಟರು.

"ಸ್ಟಾರ್ಟ್ ಮಾಡಿ ಅಂಕಲ್."

"ತಳ್ಳಿದ್ರೂ ನಡೆಯುತ್ತೆ ಬಿಡಮ್ಮ."

ಶೆಡ್ಡಿನ ಕೆಲಸದವರಿಬ್ಬರು ತಳ್ಳಿದರು. ನಿಂಬೆಹಣ್ಣು ಒಡೆಯಲಿಲ್ಲ, ಗಾಲಿಗಳೇ ಅದರ ಮೇಲೆ ಹತ್ತಿ ಇಳಿದವು. ಕಾರು ಅಷ್ಟು ಹಗುರ. ಮುಚ್ಚಳ ಎತ್ತಿದೆ. ಮೋಟರಿಲ್ಲ, ಬ್ಯಾಟರಿಯಿಲ್ಲ. ಪ್ಲೈವುಡ್ಡಿನ ಹಲಗೆ, ಅದರ ಮೇಲೆ ಯಾರದೋ ಕಾಫಿ ಲೋಟ.

"ನಿಮಗೆ ಗೊತ್ತಿತ್ತಾ?"

"ಮೊದಲಿಂದಲೂ," ಎಂದರು. "ಹೇಳಿದ್ರೆ ನೀನೂ ಹೋಗ್ತಿದ್ದೆ, ನಂಬೋರು ಯಾರೂ ಉಳೀತಿರಲಿಲ್ಲ ಕಣಮ್ಮ."

ಅವರ ಕಣ್ಣು ತುಂಬಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ನಾನು ಮುಖ ನೋಡಿರಲಿಲ್ಲ.

ಮುಂದಿನ ವಾರ ಕಂಪನಿ ಮುಚ್ಚಿತು. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ನನ್ನ ವೀಸಾ ಮುಗಿದಂತೆ, ದೇಶ ಬಿಡಬೇಕು. ಐವತ್ತೆರಡನೆಯ ದಿನ ಶಾಮ್‌ಬರ್ಗ್ ಪಕ್ಕದ ಇಟಾಸ್ಕಾದಲ್ಲಿ ಸಿಕ್ಕಿತು. ಸಿಕ್ಕಿದ್ದು ಅವರು ಓದಿಸಿ ತಿದ್ದಿದ ಕೋಡಿನಿಂದಲೇ, ಇದನ್ನೂ ಬರೆಯಲೇಬೇಕು. ಅವರ ಫೋನ್ ಮಾತ್ರ ನಾನು ಮತ್ತೆ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ತಿಂಗಳಾದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು.

"ನೀನು ಅದನ್ನ ಹಾರಿಸಿದ ದಿನ ನಿಮ್ಮಂಕಲ್ ಖುಷೀಲಿ ಊಟಾನೇ ಮಾಡಲಿಲ್ಲ ಕಣೆ. ನನಗೆ ತೋರಿಸಲೇ ಇಲ್ಲ ನೋಡು. ಹೇಗಿತ್ತು?"

"ಅದು ಹಾರಲೇ ಇಲ್ಲ ಆಂಟಿ."

ಅವರ ಮನೆಯ ಹೀಟರ್ ಸದ್ದು ಕೇಳುತ್ತಿತ್ತು.

"ನಂಗೆ ನಲವತ್ತಡಿ ಅಂದಿದ್ರು," ಎಂದರು ಆಂಟಿ.